ಜಗಲಿಯ ಮೇಲಿನ ಪಾಠಶಾಲೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯಲ್ಲಿ ಚಿಕ್ಕಜಾಜೂರನ್ನು ಹಿಂದೆ ಹಾಕಿದ ಮೇಲೆ, ದಾವಣಗೆರೆಗೆ ಮುಂಚೆ, ಮಾಯಕೊಂಡವೆಂಬ ನಿಲ್ದಾಣವೊಂದು ಸಿಕ್ಕುತ್ತದೆ. ಚರಿತ್ರೆಯನ್ನೋದಿದವರಿಗೆ ಈ ಊರಿನ ಹೆಸರು ಒಂದು ಯುದ್ಧದ ಹೆಸರು. 1748 ರಲ್ಲಿ ಚಿತ್ರದುರ್ಗದ ಹಿರೇಮದಕರಿನಾಯಕನು ಇಲ್ಲಿ ಹೋರಾಡಿ ಮಡಿದನು. ಆ ಕಾಳಗದ ಕಥೆಯನ್ನು ದುರ್ಗದ ಸೀಮೆಯವರು ಇಂದಿಗೂ ಅಭಿಮಾನದಿಂದ ಹೇಳುವುದುಂಟು. ಆದರೆ ಆ ಕಾಲದಲ್ಲಿ ಇದೇ ಊರಿನ ಹುಡುಗರ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದ ಅಯ್ಯನು ಯಾರೆಂದು ಕೇಳಿದರೆ ಉತ್ತರ ಕೊಡುವವರು ಸಿಕ್ಕುವುದಿಲ್ಲ. ಹೊಡೆದವರ ಹೆಸರು ಉಳಿಯಿತು, ಬಿದ್ದವರ ಹೆಸರೂ ಉಳಿಯಿತು. ಕಲಿಸಿದವರ ಹೆಸರು ಮಾತ್ರ ಮರಳಿನ ಮೇಲಿನ ಅಕ್ಷರದಂತೆಯೇ ಅಳಿಸಿಹೋಯಿತು. ಇದು ಮಾಯಕೊಂಡವೊಂದರ ಮಾತಲ್ಲ. ಕನ್ನಡನಾಡಿನ ಯಾವ ಊರಿನ ಹೆಸರನ್ನು ಇಲ್ಲಿ ಹಾಕಿಕೊಂಡರೂ ವಾಕ್ಯ ಕೆಡುವುದಿಲ್ಲ.

ಇಂಥ ಊರುಗಳಲ್ಲಿ ಬೇಸಗೆಯ ರಜದ ಮಧ್ಯಾಹ್ನ, ಹಿರಿಯರು ಅಡ್ಡಾಗಿರುವ ಹೊತ್ತಿನಲ್ಲಿ, ಜಗಲಿಯ ಮೇಲೆ ಒಂದು ಪಾಠಶಾಲೆ ಆರಂಭವಾಗುತ್ತದೆ. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಅವ್ವನ ಹಳೆಯ ಸೀರೆಯನ್ನು ಹೇಗೋ ಸುತ್ತಿಕೊಂಡು, ಬೇವಿನ ಕಡ್ಡಿಯೊಂದನ್ನು ಹಿಡಿದು, ತಮ್ಮನನ್ನೂ ನೆರೆಮನೆಯ ಕೂಸುಗಳನ್ನೂ ಸಾಲಾಗಿ ಕೂರಿಸುತ್ತಾಳೆ. ಮಕ್ಕಳು ಸಾಲದಿದ್ದರೆ ಕಲ್ಲುಗಳನ್ನಿಟ್ಟು ಅವುಗಳಿಗೂ ಹೆಸರು ಕೊಟ್ಟು ಹಾಜರಿ ಕರೆಯುತ್ತಾಳೆ. ಬಂದ ನೆಂಟರ ಮುಂದೆ ತಂದೆತಾಯಿಗಳು ನಕ್ಕು, “ನಮ್ಮ ಹುಡುಗಿ ಮುಂದೆ ಟೀಚರೇ ಆಗ್ತಾಳೆ ನೋಡ್ರಿ” ಎನ್ನುತ್ತಾರೆ. ನೆಂಟರೂ ನಗುತ್ತಾರೆ. ಏಳೆಂಟು ವರ್ಷ ಕಳೆಯುತ್ತದೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಅದೇ ಹುಡುಗಿ ಅದೇ ಮಾತನ್ನು ತಾನಾಗಿ ಆಡಿದರೆ ಈ ಸಲ ಯಾರೂ ನಗುವುದಿಲ್ಲ. “ಇಷ್ಟು ನಂಬರ್ ತಗೊಂಡು ಟೀಚರ್ ಆಗ್ತೀಯೇನವ್ವ? ಮಂದಿ ಏನಂತಾರ?” ಎಂಬ ಪ್ರಶ್ನೆ ಮನೆಯ ನಾಲ್ಕು ಮೂಲೆಗಳಿಂದಲೂ ಬರುತ್ತದೆ. ಮರುದಿನ ದಾವಣಗೆರೆಯ ಕೋಚಿಂಗ್ ತರಗತಿಯೊಂದಕ್ಕೆ ಮುಂಗಡ ಹಣ ಕಟ್ಟಿಯಾಗುತ್ತದೆ.

ವಿದ್ಯಾವಂತರ ಮನೆಗಳಲ್ಲಿ ನಡೆಯುವ ಈ ಸಣ್ಣ ನಾಟಕದ ಮೇಲೆಯೇ ಇಲ್ಲಿಯ ಆಕ್ಷೇಪಣೆ. ಬಡವನು ತನ್ನ ಮಗನನ್ನು ಯಾವ ವೃತ್ತಿಗೆ ಕಳುಹಿಸಿದನೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಆತನಿಗೆ ಆಯ್ಕೆಯೇ ಕಡಮೆ. ಆದರೆ ಮನೆಯಲ್ಲಿ ಪುಸ್ತಕದ ಕಪಾಟನ್ನಿಟ್ಟುಕೊಂಡು, ಪತ್ರಿಕೆಗಳಿಗೆ ಚಂದಾ ಕಳುಹಿಸುತ್ತ, ಸೆಪ್ಟೆಂಬರ್ 5 ರಂದು ಗುರುಮಹಿಮೆಯ ಭಾಷಣ ಮಾಡಿ ಬರುವ ಗೃಹಸ್ಥರು ತಮ್ಮ ಮನೆಯಲ್ಲಿ ಹುಟ್ಟಿದ ಗುರುವನ್ನು ಮೊಳಕೆಯಲ್ಲಿಯೇ ಚಿವುಟುವುದು ಕ್ಷಮಿಸತಕ್ಕ ವಿಷಯವಲ್ಲ. 1962 ರಿಂದ ದೇಶದಲ್ಲೆಲ್ಲ ಆ ದಿನ ಶಿಕ್ಷಕರ ದಿನಾಚರಣೆ ನಡೆಯುತ್ತ ಬಂದಿದೆ. ಯಾರ ಜನ್ಮದಿನವೋ ಆ ರಾಧಾಕೃಷ್ಣನ್ನರು 1918 ರಿಂದ 1921 ರ ವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದವರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಬಂಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದುಕೊಂಡು ಸ್ಟೇಷನ್ನಿಗೆ ಬಿಟ್ಟುಬಂದರು. ಈ ಕಥೆಯನ್ನು ಕೇಳಿದಾಗ ಸಭಿಕರೆಲ್ಲರ ಕಣ್ಣೂ ಒದ್ದೆಯಾಗುತ್ತದೆ. ಮನೆಗೆ ಬಂದಮೇಲೆ ಕಣ್ಣೊರಸಿಕೊಂಡು ಮಗನ ನೀಟ್ ಪರೀಕ್ಷೆಯ ಅರ್ಜಿಯನ್ನು ತುಂಬುತ್ತಾರೆ.

“ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಉಪಾಧ್ಯಾಯನ ಮೊಳಕೆ ಯಾವುದು ಎಂಬುದರಲ್ಲಿ ಮೊದಲು ತಪ್ಪು ಸೇರಿಕೊಂಡಿದೆ. ಕಡ್ಡಿ ಹಿಡಿದು ಗದರಿಸುವ ಮಗುವನ್ನು ಕಂಡು “ಇದು ಮೇಷ್ಟ್ರಾಗುತ್ತದೆ” ಎನ್ನುವವರು ಮೇಷ್ಟ್ರೆಂದರೆ ಗದರಿಸುವವನು ಎಂಬ ತಮ್ಮ ಅಭಿಪ್ರಾಯವನ್ನು ಬಯಲುಮಾಡುತ್ತಾರೆಯೇ ಹೊರತು ಮಗುವಿನ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಆ ಆಟ ಅನುಕರಣ. ಅದೇ ಮಗು ನಾಳೆ ಬಸ್ಸಿನ ಕಂಡಕ್ಟರಾಗಿ ಚೀಟಿ ಹರಿಯುತ್ತದೆ, ನಾಡಿದ್ದು ಪೋಲೀಸನಾಗುತ್ತದೆ. ಜಗಲಿಯ ಮೇಲಿನ ಶಾಲೆಯಲ್ಲಿ ನೋಡಬೇಕಾದದ್ದು ಕಡ್ಡಿಯನ್ನಲ್ಲ. ತಮ್ಮನಿಗೆ ಲೆಕ್ಕ ತಿಳಿಯದೆ ಹೋದಾಗ ಆ ಹುಡುಗಿ ಮಾಡುವುದೇನು ಎಂಬುದನ್ನು. ನೂರು ಮಕ್ಕಳಲ್ಲಿ ಹೆಚ್ಚಿನವು ಮುಂದಿನ ಕಲ್ಲಿನ ಹೆಸರು ಕೂಗುತ್ತವೆ. ಎಲ್ಲೋ ಒಂದು ಮಗು ಮಾತ್ರ ಆಟವನ್ನು ಮರೆತು, ಕಡ್ಡಿಯನ್ನು ಕೆಳಗಿಟ್ಟು, ಹುಣಿಸೆಬೀಜಗಳನ್ನು ತಂದು ಹರಡಿ, ಇನ್ನೊಂದು ದಾರಿಯಿಂದ ಹೇಳಿ ನೋಡುತ್ತದೆ. ಅದೂ ಆಗದಿದ್ದರೆ ಮತ್ತೊಂದು ದಾರಿ. ತಮ್ಮನ ಮುಖ ಅರಳಿದಾಗ ತನ್ನ ಮುಖವೂ ಅರಳುತ್ತದೆ. ಅಲ್ಲಿ ಉಪಾಧ್ಯಾಯನಿದ್ದಾನೆ. ತಾನು ತಿಳಿದದ್ದನ್ನು ಇನ್ನೊಬ್ಬರು ತಿಳಿಯುವವರೆಗೆ ಸಮಾಧಾನವಿಲ್ಲದಿರುವುದು ಒಂದು ಸ್ವಭಾವ. ಅದು ಪರೀಕ್ಷೆಯ ಅಂಕಗಳಲ್ಲಿ ಕಾಣುವುದಿಲ್ಲ, ಜಾತಕದಲ್ಲಿಯೂ ಕಾಣುವುದಿಲ್ಲ. ಜಗಲಿಯ ಮೇಲೆ ಮಾತ್ರ ಕಾಣುತ್ತದೆ, ನೋಡುವವರು ಎಚ್ಚರವಾಗಿದ್ದರೆ.

ಹಿಂದಿನವರ ಕೂಲಿಮಠಗಳಲ್ಲಿ ಈ ಸ್ವಭಾವವನ್ನು ಗುರುತಿಸುವ ಏರ್ಪಾಡು, ಯಾರೂ ಉದ್ದೇಶಿಸದೆ ಇದ್ದರೂ, ಇತ್ತು. ಕೂಲಿಮಠಗಳನ್ನು ಇಲ್ಲಿ ಹೊಗಳಬೇಕೆಂದಿಲ್ಲ. ಕೋದಂಡ ಹಾಕಿ ಹುಡುಗರನ್ನು ತೂಗುಬಿಡುತ್ತಿದ್ದ, ಹೆಣ್ಣುಮಕ್ಕಳನ್ನೂ ಎಷ್ಟೋ ಜಾತಿಗಳ ಮಕ್ಕಳನ್ನೂ ಬಾಗಿಲೊಳಗೆ ಸೇರಿಸದಿದ್ದ ಆ ಮಠಗಳು ಮುಚ್ಚಿದುದಕ್ಕೆ ಕಣ್ಣೀರಿಡುವ ಕಾರಣವಿಲ್ಲ. ಆದರೂ ಒಬ್ಬನೇ ಅಯ್ಯನು ಬೇರೆ ಬೇರೆ ವಯಸ್ಸಿನ ಹುಡುಗರನ್ನು ಒಂದೇ ಚಾವಡಿಯಲ್ಲಿ ಕೂರಿಸಿಕೊಂಡು ನಡೆಸುತ್ತಿದ್ದುದರಿಂದ ದೊಡ್ಡ ಹುಡುಗರು ಚಿಕ್ಕವರಿಗೆ ತಿದ್ದಿಸಬೇಕಾಗುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥಬಾಲಕರ ಆಶ್ರಮವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ಲನು ಈ ದೇಶದ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದುದನ್ನು ಕಂಡನು. ಅದನ್ನು ತನ್ನ ಶಾಲೆಗೆ ತಂದು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸುವ ಕ್ರಮವನ್ನು ಬೆಳೆಸಿದನು. 1797 ರಲ್ಲಿ ಅದನ್ನು ಕುರಿತು ಪುಸ್ತಕವನ್ನೇ ಅಚ್ಚುಮಾಡಿಸಿದನು. ಅಲ್ಲಿಂದ ಮುಂದೆ ಅದು “ಮದರಾಸು ಪದ್ಧತಿ” ಎಂಬ ಹೆಸರಿನಿಂದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳನ್ನೆಲ್ಲ ವ್ಯಾಪಿಸಿತು. ಬೆಲ್ಲನ ಕಣ್ಣಿಗೆ ಬಿದ್ದದ್ದು ಮುಖ್ಯವಾಗಿ ಖರ್ಚಿನ ಉಳಿತಾಯ. ಹುಡುಗನೊಬ್ಬನು ಇನ್ನೊಬ್ಬನಿಗೆ ಕಲಿಸುವಾಗ ಕಲಿಸುವವನ ಮನಸ್ಸಿನಲ್ಲಿ ಏನಾಗುತ್ತದೆ, ಅವನಲ್ಲಿ ಯಾವ ರುಚಿ ಹುಟ್ಟುತ್ತದೆ ಎಂಬುದು ಲೆಕ್ಕದ ಪುಸ್ತಕದಲ್ಲಿ ಬರುವಂಥದಲ್ಲ.

ವಯಸ್ಸಿಗೊಂದು ತರಗತಿ, ತರಗತಿಗೊಂದು ಗೋಡೆ ಎಂಬ ಏರ್ಪಾಡು ಬಂದಮೇಲೆ ಹನ್ನೆರಡು ವರ್ಷದ ಹುಡುಗನಿಗೆ ಏಳು ವರ್ಷದ ಹುಡುಗನ ಪಕ್ಕದಲ್ಲಿ ಕುಳಿತು ಏನನ್ನಾದರೂ ಹೇಳಿಕೊಡುವ ಸಂದರ್ಭವೇ ಇಲ್ಲದಾಯಿತು. ವಿಚಿತ್ರವೇನೆಂದರೆ, ಪಟ್ಟಣದ ಸಿರಿವಂತ ಶಾಲೆಗಳಲ್ಲಿ ಇಲ್ಲದ ಈ ಸಂದರ್ಭ ಇಂದು ಉಳಿದಿರುವುದು ಹಳ್ಳಿಯ ಸರ್ಕಾರಿ ಪಾಠಶಾಲೆಗಳಲ್ಲಿ. 1995 ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು, ಆಂಧ್ರದ ಋಷಿವ್ಯಾಲಿಯ ಪ್ರಯೋಗವನ್ನು ನೋಡಿಬಂದು ಆರಂಭಿಸಿದ “ನಲಿ-ಕಲಿ” ಎಂಬ ಕ್ರಮ 2009-10 ರ ಹೊತ್ತಿಗೆ ಇಡೀ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿತು. ಅದರಲ್ಲಿ ಕೆಳಗಿನ ತರಗತಿಗಳ ಮಕ್ಕಳು ಒಟ್ಟಿಗೆ ಗುಂಪುಗಳಾಗಿ ಕುಳಿತು, ಮುಂದಿರುವವರು ಹಿಂದಿರುವವರಿಗೆ ನೆರವಾಗಿ ಕಲಿಯುತ್ತಾರೆ. ಈ ಕ್ರಮದ ಮೇಲೆ ಟೀಕೆಗಳಿಲ್ಲದೆ ಇಲ್ಲ. ಆ ವಾದ ಬೇರೆ. ವಿದ್ಯಾವಂತರ ಮಕ್ಕಳು ಆ ಕೋಣೆಯೊಳಗೆ ಕಾಲಿಡುವುದೇ ಅಪೂರ್ವ ಎಂಬುದನ್ನು ಮಾತ್ರ ಇಲ್ಲಿ ನೆನೆಯಬೇಕು. ಅವರು ಹಳದಿ ಬಸ್ಸಿನಲ್ಲಿ ಹೋಗಿ, ತಮ್ಮ ವಯಸ್ಸಿನವರೊಡನೆಯೇ ಕುಳಿತು, ತಮ್ಮ ವಯಸ್ಸಿನವರೊಡನೆಯೇ ಸ್ಪರ್ಧಿಸಿ, ಮನೆಗೆ ಬಂದು ಟ್ಯೂಷನ್ನಿಗೆ ಹೋಗುತ್ತಾರೆ. ಕಲಿಸುವ ಆಸೆ ಅವರಲ್ಲಿ ಹುಟ್ಟಬೇಕಾದರೆ ಎಲ್ಲಿ ಹುಟ್ಟಬೇಕು?

ಇಲ್ಲಿ ಒಂದು ಪೂರ್ವಪಕ್ಷವುಂಟು. ಬಾಲ್ಯಕ್ಕೂ ಉಪಾಧ್ಯಾಯವೃತ್ತಿಗೂ ಸಂಬಂಧ ಕಟ್ಟುವುದು ಬರಿಯ ಭಾವುಕತೆ. ಮಹೋಪಾಧ್ಯಾಯರಲ್ಲಿ ಎಷ್ಟೋ ಮಂದಿ ಆಕಸ್ಮಿಕವಾಗಿ ಆ ವೃತ್ತಿಗೆ ಬಿದ್ದವರು. ಆದುದರಿಂದ ಮಗುವಿನ ಒಲವನ್ನು ನೋಡಿ ಕುಣಿಯಬೇಕಾದದ್ದಿಲ್ಲ ಎಂದು ಕೆಲವರು ಹೇಳುವರು. ಆಕಸ್ಮಿಕದ ಮಾತು ನಿಜ. ಶಿಶುವಿಹಾರವೆಂಬ ಕಲ್ಪನೆಯನ್ನೇ ಲೋಕಕ್ಕೆ ಕೊಟ್ಟ ಜರ್ಮನಿಯ ಫ್ರೋಬೆಲ್ಲನು 1805 ರಲ್ಲಿ ಫ್ರಾಂಕ್‌ಫರ್ಟಿಗೆ ಹೋದದ್ದು ಕಟ್ಟಡಶಿಲ್ಪವನ್ನು ಕಲಿಯುವುದಕ್ಕೆ. ಅಲ್ಲಿಯ ಶಾಲೆಯ ಮುಖ್ಯಸ್ಥನು ಒತ್ತಾಯಮಾಡಿದ್ದರಿಂದ ಉಪಾಧ್ಯಾಯನಾದನು. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. 1913 ರಲ್ಲಿ ಮಗ ಹುಟ್ಟಿದಮೇಲೆ ಅವನಿಗೆ ಹೇಗೆ ಕಲಿಸಬೇಕೆಂದು ಹುಡುಕಿಕೊಂಡು ಹೋಗಿ ಮಾಂಟೆಸೊರಿಯವರ ಗ್ರಂಥಗಳಿಗೆ ಸಿಕ್ಕಿಬಿದ್ದರು. ವಕೀಲಿಯನ್ನು ಬಿಟ್ಟು, 1920 ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ತೆರೆದು, ಸಾಯುವವರೆಗೆ, ಎಂದರೆ 1939 ರವರೆಗೆ, ಮಕ್ಕಳ ಹಿಂದೆಯೇ ಉಳಿದರು.

ಆದರೆ ಆಕಸ್ಮಿಕವು ಬಾಗಿಲನ್ನು ಮಾತ್ರ ತೆರೆಯಬಲ್ಲುದು. ಬಾಗಿಲೊಳಗೆ ನಡೆದುಬಂದವನ ಕೈಯಲ್ಲಿ ಏನಿತ್ತು? ಫ್ರೋಬೆಲ್ಲನಿಗೆ ಒಂಬತ್ತು ತಿಂಗಳಾಗಿದ್ದಾಗಲೇ ತಾಯಿ ತೀರಿಹೋದಳು. ತಂದೆ ಪಾದ್ರಿ, ಅವನಿಗೆ ಊರಿನವರ ಆತ್ಮಗಳ ಉದ್ಧಾರದಲ್ಲಿ ಸ್ವಂತ ಮಗನನ್ನು ನೋಡಲು ಬಿಡುವಿರಲಿಲ್ಲ. ಮಲತಾಯಿ ಅವನನ್ನು ದೂರವಿಟ್ಟಳು. ದಡ್ಡನೆಂದು ತಿಳಿದು ಅವನನ್ನು ಹೆಣ್ಣುಮಕ್ಕಳ ಶಾಲೆಗೆ ಹಾಕಿದರು. ಆ ಹುಡುಗನಿಗೆ ಉಳಿದ ಒಡನಾಡಿಯೆಂದರೆ ಮನೆಯ ತೋಟ. ಹದಿನೈದನೆಯ ವಯಸ್ಸಿನಲ್ಲಿ ಅರಣ್ಯಾಧಿಕಾರಿಯೊಬ್ಬನ ಕೈಕೆಳಗೆ ಕೆಲಸ ಕಲಿಯಲು ಹೋದಾಗಲೂ ಗಿಡಮರಗಳೇ ಅವನ ಸಂಗಡವಿದ್ದುವು. ಐವತ್ತು ದಾಟಿದಮೇಲೆ, 1837 ರಲ್ಲಿ, ಚಿಕ್ಕಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದು, ಕೆಲವು ವರ್ಷಗಳಲ್ಲಿ ಅದಕ್ಕೆ ಅವನು ಇಟ್ಟ ಹೆಸರು “ಮಕ್ಕಳ ತೋಟ” ಎಂದು. ಯಾರೂ ಕೈಹಿಡಿಯದ ಒಂದು ಮಗು ತನ್ನನ್ನು ಕಾಪಾಡಿದ ತೋಟವನ್ನು ಲೋಕದ ಮಕ್ಕಳಿಗೆಲ್ಲ ಹಂಚಿದ ಕಥೆ ಇದಲ್ಲದೆ ಮತ್ತೇನು? ಫ್ರಾಂಕ್‌ಫರ್ಟಿನ ಆಕಸ್ಮಿಕವು ಇನ್ನೊಬ್ಬ ಶಿಲ್ಪವಿದ್ಯಾರ್ಥಿಗೆ ಒದಗಿದ್ದರೆ ಆತನು ಸಂಬಳ ಎಣಿಸಿಕೊಂಡು, ಒಳ್ಳೆಯ ಕೆಲಸ ಸಿಕ್ಕಿದ ಕೂಡಲೆ ಹೊರಟುಹೋಗುತ್ತಿದ್ದನು.

ಈ ಕಥೆಯಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ದಡ್ಡನೆನಿಸಿಕೊಂಡವನು ಎಡವಿದ ಜಾಗಗಳನ್ನು ಜ್ಞಾಪಕದಲ್ಲಿಟ್ಟುಕೊಂಡಿರುತ್ತಾನೆ. ಓಡುತ್ತಲೇ ಕಲಿತವನಿಗೆ ದಾರಿಯಲ್ಲಿ ಕಲ್ಲಿತ್ತೆಂಬುದೇ ತಿಳಿದಿರುವುದಿಲ್ಲ. ಹಾಗೆಂದು ದಡ್ಡರನ್ನೆಲ್ಲ ಶಿಕ್ಷಕರ ತರಬೇತಿಗೆ ಕಳುಹಿಸಿರೆಂದು ಅರ್ಥವಲ್ಲ. ಆ ಕೆಲಸವನ್ನು ವಿದ್ಯಾವಂತರ ಮನೆಗಳು ಯಾರ ಉಪದೇಶವೂ ಇಲ್ಲದೆ ಮಾಡುತ್ತಲೇ ಬಂದಿವೆ. ಮೂವರು ಮಕ್ಕಳಲ್ಲಿ ಮೊದಲನೆಯವನಿಗೆ ವೈದ್ಯವಿದ್ಯೆ, ಎರಡನೆಯವನಿಗೆ ಇಂಜಿನಿಯರಿಂಗು, ಎರಡಕ್ಕೂ ಒಲ್ಲದ ಮೂರನೆಯವನಿಗೆ “ಬಿ.ಎಡ್. ಆದರೂ ಮಾಡಲಿ.” ಆ “ಆದರೂ” ಎಂಬ ಒಂದು ಶಬ್ದದಲ್ಲಿ ಈ ನಾಡಿನ ವಿದ್ಯಾಭ್ಯಾಸದ ಅರ್ಧ ಚರಿತ್ರೆ ಅಡಗಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಲೆಕ್ಕ: ರಜ ಹೆಚ್ಚು, ಸಂಜೆಗೆ ಮನೆಗೆ ಬರಬಹುದು, ಗಂಡನ ಮನೆಯವರು ಆಕ್ಷೇಪಿಸುವುದಿಲ್ಲ. ವೃತ್ತಿಯನ್ನು ಅದು ಬಿಡುವು ಕೊಡುವ ದಿನಗಳಿಗಾಗಿ ಆರಿಸಿಕೊಳ್ಳುವುದು ಮಳೆ ಬಾರದ ದಿನಗಳಿಗಾಗಿ ಬೇಸಾಯವನ್ನು ಆರಿಸಿಕೊಂಡಂತೆ. ಜಗಲಿಯ ಮೇಲೆ ಹುಣಿಸೆಬೀಜ ಹರಡಿದ ಹುಡುಗಿಯನ್ನು ಈ ಲೆಕ್ಕ ಎರಡು ಬಗೆಯಲ್ಲಿ ಅವಮಾನಿಸುತ್ತದೆ. ಅವಳು ಜಾಣೆಯಾದರೆ ಬೇಡವೆನ್ನುತ್ತದೆ. ಸಾಮಾನ್ಯಳಾದರೆ ಬೇರೆ ಕಾರಣಕ್ಕಾಗಿ ಆಗಲಿ ಎನ್ನುತ್ತದೆ. ಅವಳಿಗೆ ಅದರಲ್ಲಿ ಪ್ರೀತಿಯಿದೆಯೇ ಎಂದು ಎರಡು ಸಂದರ್ಭಗಳಲ್ಲಿಯೂ ಯಾರೂ ಕೇಳುವುದಿಲ್ಲ.

ಪ್ರೀತಿಯೆಂದಾಗ ಮತ್ತೊಂದು ಭ್ರಾಂತಿಯನ್ನೂ ಬಿಡಿಸಬೇಕಾಗಿದೆ. “ಮಕ್ಕಳೆಂದರೆ ನನಗೆ ತುಂಬ ಇಷ್ಟ” ಎಂದು ಸಂದರ್ಶನಗಳಲ್ಲಿ ಹೇಳುವವರಿಗೆ ಲೆಕ್ಕವಿಲ್ಲ. ಮಕ್ಕಳು ಯಾರಿಗೆ ಇಷ್ಟವಿಲ್ಲ? ಐಸ್‌ಕ್ಯಾಂಡಿ ಮಾರುವವನಿಗೂ ಇಷ್ಟ. ಉಪಾಧ್ಯಾಯನಿಗೆ ಮಕ್ಕಳಲ್ಲದೆ ಮತ್ತೊಂದು ವಸ್ತುವಿನ ಮೇಲೆಯೂ ಹುಚ್ಚು ಪ್ರೀತಿ ಇರಬೇಕು. ಅದು ಹಾಡಾಗಲಿ, ಹಕ್ಕಿಯಾಗಲಿ, ನಕ್ಷತ್ರವಾಗಲಿ, ಹಳೆಯ ಕಾವ್ಯವಾಗಲಿ. ಕೊಡುವುದಕ್ಕೆ ಕೈಯಲ್ಲಿ ಏನೂ ಇಲ್ಲದವನು ಮಕ್ಕಳನ್ನು ಎಷ್ಟು ಮುದ್ದಿಸಿದರೂ ಮಧ್ಯಾಹ್ನದ ಹೊತ್ತಿಗೆ ಬೇಸರಗೊಳ್ಳುತ್ತಾನೆ, ಮಕ್ಕಳಿಗೂ ಬೇಸರ ತರುತ್ತಾನೆ. ಆ ಹುಚ್ಚು ಬಾಲ್ಯದಲ್ಲಿ ಹಿಡಿಯದಿದ್ದರೆ ನಲವತ್ತನೆಯ ವಯಸ್ಸಿನಲ್ಲಿ ಸುತ್ತೋಲೆಯ ಮೂಲಕ ಹಿಡಿಸುವುದು ಕಷ್ಟ.

ಕನ್ನಡದಲ್ಲಿ ಇದಕ್ಕೆ ನಿದರ್ಶನಗಳ ಕೊರತೆಯಿಲ್ಲ. ಬಂಟವಾಳದ ಪಂಜೆ ಮಂಗೇಶರಾಯರು (1874-1937) ಉಪಾಧ್ಯಾಯರಾಗಿ, ಶಾಲೆಗಳ ತನಿಖಾಧಿಕಾರಿಯಾಗಿ, ಮುಖ್ಯೋಪಾಧ್ಯಾಯರಾಗಿ ಬಾಳಿದವರು. ತನಿಖಾಧಿಕಾರಿಯೆಂದರೆ ನಡುಗುತ್ತಿದ್ದ ಕಾಲದಲ್ಲಿ ಆ ಹುದ್ದೆಯಲ್ಲಿದ್ದವರೇ ಮಕ್ಕಳಿಗಾಗಿ ಹಾಡು ಕಟ್ಟಿ ಕಥೆ ಬರೆದರು. ಇಲಾಖೆಯ ಯಾವ ನಿಯಮವೂ ಅದನ್ನು ವಿಧಿಸಿರಲಿಲ್ಲ. ಬಿಜಾಪುರ ಸೀಮೆಯ ಚಡಚಣದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳು, ಹಬ್ಬದ ಹಾಡುಗಳು, ಹಳ್ಳಿಯ ಜನರ ಮಾತುಗಳು ಅವರಿಗೆ ಪ್ರಾಣ. ಜಾನಪದವೆಂಬ ವಿಷಯಕ್ಕೆ ವಿಶ್ವವಿದ್ಯಾನಿಲಯಗಳಲ್ಲಿ ಪೀಠ ಏರ್ಪಡುವುದಕ್ಕೆ ಬಹು ಮುಂಚೆಯೇ ಅವರು ಅದರಲ್ಲಿ ಮುಳುಗಿದ್ದರು. ಜಿ. ಪಿ. ರಾಜರತ್ನಂ ಎಂ.ಎ. ಆದಮೇಲೆ ಚಿಕ್ಕಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು. ದೊಡ್ಡ ಪದವಿ ಪಡೆದವನು ಅಷ್ಟು ಚಿಕ್ಕ ಮಕ್ಕಳ ಮುಂದೆ ನಿಲ್ಲುವುದೇ ಎಂದು ಬೇಸರಪಡುವುದು ಲೋಕರೂಢಿ. ಆ ಮಕ್ಕಳ ಒಡನಾಟದಿಂದ ಬಂದ “ತುತ್ತೂರಿ”ಯ ಪದ್ಯಗಳನ್ನು ಕನ್ನಡದ ಮನೆಗಳು ಮೂರು ನಾಲ್ಕು ತಲೆಮಾರುಗಳಿಂದ ಹಾಡುತ್ತಿವೆ. ಆ ಪದ್ಯಗಳನ್ನು ಮಗುವಿಗೆ ಕಲಿಸುವ ತಾಯಿಯೇ ಮುಂದೆ ಅದೇ ಮಗುವಿಗೆ “ಮೇಷ್ಟ್ರಾಗಬೇಡ” ಎನ್ನುವವಳು ಎಂಬುದನ್ನು ಇಲ್ಲಿ ಸೇರಿಸದೆ ಬಿಡುವುದು ಸಾಧ್ಯವಿಲ್ಲ.

ಮಾಯಕೊಂಡದ ಸೀಮೆಯವರು ಬೇರೆ ಜಿಲ್ಲೆಗಳಿಗೆ ಹೋಗಿ ನಿದರ್ಶನ ತರಬೇಕಾದದ್ದಿಲ್ಲ. 1997 ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಊರು ಯಾವ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತೋ ಅದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ 1885 ರಲ್ಲಿ ಟಿ. ಎಸ್. ವೆಂಕಣ್ಣಯ್ಯನವರು ಹುಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರೆಂದು ಅವರನ್ನು ಎಲ್ಲರೂ ಬಲ್ಲರು. ಕನ್ನಡದ ಪಂಡಿತನೆಂದರೆ ಕಾಲೇಜಿನಲ್ಲಿ ಇತರ ಅಧ್ಯಾಪಕರಿಗಿಂತ ಒಂದು ಮೆಟ್ಟಿಲು ಕೆಳಗೆ ಎಂದು ತಿಳಿಯುತ್ತಿದ್ದ ದಿನಗಳು ಅವು. ಅಂಥಲ್ಲಿ 1927 ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ತತ್ತ್ವಶಾಸ್ತ್ರವನ್ನು ತೆಗೆದುಕೊಳ್ಳಬೇಕೆಂದಿದ್ದ ಮಲೆನಾಡಿನ ಒಬ್ಬ ತರುಣನನ್ನು ಕನ್ನಡಕ್ಕೆ ಒಲಿಸಿದವರು ವೆಂಕಣ್ಣಯ್ಯನವರು. ಆ ತರುಣರೇ ಕುವೆಂಪು. ಅವರು 1929 ರಲ್ಲಿ ಅದೇ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. ಮುಂದೆ 1956 ರಲ್ಲಿ ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು.

ವೆಂಕಣ್ಣಯ್ಯನವರು ತಮ್ಮ ಹೆಸರಿನಲ್ಲಿ ಬರೆದು ಅಚ್ಚುಮಾಡಿಸಿದ್ದು ಅವರ ವಿದ್ವತ್ತಿನ ಅಳತೆಗೆ ಬಹಳ ಕಡಮೆ. ಪುಸ್ತಕಗಳನ್ನು ಎಣಿಸಿ ಮನುಷ್ಯನನ್ನು ತೂಗುವವರಿಗೆ ಅವರು ದೊಡ್ಡವರಾಗಿ ಕಾಣಲಾರರು. ಅವರು 1939 ರಲ್ಲಿ ತೀರಿಕೊಂಡರು. ಶಿಷ್ಯನು 1936 ರಲ್ಲಿ ಕೈಹಾಕಿದ “ಶ್ರೀ ರಾಮಾಯಣ ದರ್ಶನಂ” ಮುಗಿದದ್ದು 1946 ರಲ್ಲಿ. ಅಷ್ಟು ಹೊತ್ತಿಗೆ ಓದಿ ಸಂತೋಷಪಡಬೇಕಾದ ಗುರುಗಳು ಇರಲಿಲ್ಲ. ಆ ಮಹಾಕಾವ್ಯವನ್ನು ಕವಿ ಅರ್ಪಿಸಿದ್ದು ಯಾವ ಮಹಾರಾಜನಿಗೂ ಅಲ್ಲ, ಯಾವ ದಿವಾನನಿಗೂ ಅಲ್ಲ. ತೀರಿಹೋಗಿದ್ದ ತನ್ನ ಮೇಷ್ಟ್ರಿಗೆ. 1967 ರ ಜ್ಞಾನಪೀಠ ಪ್ರಶಸ್ತಿ ಆ ಕಾವ್ಯಕ್ಕೆ ಬಂದಾಗ ನಾಡೆಲ್ಲ ಕುಣಿಯಿತು. ಕಾವ್ಯವನ್ನು ತೆರೆದರೆ ಮೊದಲು ಎದುರಾಗುವವರು ತಳುಕಿನ ಮೇಷ್ಟ್ರು ಎಂಬುದನ್ನು ದುರ್ಗ ದಾವಣಗೆರೆಗಳ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಹೇಳಿದ್ದಾರೆ? ಮದಕರಿನಾಯಕನ ಹೆಸರನ್ನು ಹೇಳುವಷ್ಟು ಸಲವಲ್ಲದಿದ್ದರೂ, ಒಂದು ಸಲ?

“ಆದರೆ ಸಂಬಳ?” ಎಂದು ಗೃಹಸ್ಥರು ಕೇಳುವರು. ಕೇಳಬೇಕಾದ ಪ್ರಶ್ನೆಯೇ. ಕೂಲಿಮಠದ ಅಯ್ಯನಿಗೆ ಸಂಬಳವೆಂದರೆ ಮನೆಮನೆಯಿಂದ ಬರುವ ಕಾಳು, ಮಹಾನವಮಿಯಲ್ಲಿ ಹುಡುಗರೊಡನೆ ಚೌಪದ ಹೇಳಿಕೊಂಡು ಹೋದಾಗ ಸಿಕ್ಕುವ ಪುಡಿಕಾಸು. ಎಂ. ಆರ್. ಶ್ರೀನಿವಾಸಮೂರ್ತಿಗಳು ವಿದ್ಯಾಭ್ಯಾಸ ಇಲಾಖೆಯಲ್ಲಿ ಸೇವೆ ಸಲ್ಲಿಸಿದವರು; ಶಾಲಾ ಇನ್‌ಸ್ಪೆಕ್ಟರೊಬ್ಬರ ಅನುಭವಗಳ ಕಥೆಯಾದ ಅವರ “ರಂಗಣ್ಣನ ಕನಸಿನ ದಿನಗಳು” 1949 ರಲ್ಲಿ ಹೊರಬಂದಿತು. ಹಳ್ಳಿಯ ಉಪಾಧ್ಯಾಯನ ಬಡತನವೂ ಊರ ಮುಖಂಡರ ಕೈಯಲ್ಲಿ ಅವನು ಪಡುತ್ತಿದ್ದ ಪಾಡೂ ಅದನ್ನೋದಿದವರಿಗೆ ಗೊತ್ತು. ಅಂದು ತಂದೆಯೊಬ್ಬನು ಮಗನನ್ನು ಆ ವೃತ್ತಿಯಿಂದ ತಡೆದಿದ್ದರೆ ಹೊಟ್ಟೆಯ ಭಯದಿಂದ ತಡೆದನೆಂದು ಒಪ್ಪಬಹುದಿತ್ತು. ಇಂದು ಸರ್ಕಾರದ ಕಾಯಂ ಉಪಾಧ್ಯಾಯನು ಬಡವನಲ್ಲ. ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024 ರ ಆಗಸ್ಟಿನಿಂದ ಹೊಸ ಸಂಬಳವೂ ಜಾರಿಗೆ ಬಂದಿದೆ. ಹೊಟ್ಟೆಯ ಭಯ ಹೋಯಿತು. ತಾತ್ಸಾರ ಮಾತ್ರ ಹೋಗಲಿಲ್ಲ. ಇದರಿಂದ, ತಾತ್ಸಾರಕ್ಕೆ ಕಾರಣ ಬಡತನವೆಂಬ ಹಳೆಯ ಸಮಾಧಾನ ಸುಳ್ಳೆಂದಾಯಿತು.

ಬಡತನ ಇಂದೂ ಇಲ್ಲದಿಲ್ಲ. ಅದು ಸ್ಥಳ ಬದಲಾಯಿಸಿದೆ. ಕಾಯಂ ಹುದ್ದೆಗಳನ್ನು ಖಾಲಿ ಬಿಟ್ಟು, ಶಾಲೆ ತೆರೆದಮೇಲೆ “ಅತಿಥಿ”ಗಳನ್ನು ಕರೆದು, ಬೇಸಗೆ ಬಂದಾಗ ಅವರಿಗೆ ನಮಸ್ಕಾರ ಹೇಳುವ ಕ್ರಮ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ನಡೆದುಬಂದಿದೆ. ಅತಿಥಿಯನ್ನು ದೇವರೆನ್ನುವ ನಾಡಿನಲ್ಲಿ ಅತಿಥಿ ಶಿಕ್ಷಕನಿಗೆ ಗೌರವಧನ ಸಕಾಲಕ್ಕೆ ಬಂದರೆ ಅದೇ ಹಬ್ಬ. ಖಾಸಗಿ ಶಾಲೆಗಳಲ್ಲಿ ದುಡಿಯುವ ಎಷ್ಟೋ ಮಂದಿ ಯುವತಿಯರ ಸಂಬಳವನ್ನು, ಅದೇ ಶಾಲೆಯಲ್ಲಿ ಮಗುವೊಂದಕ್ಕೆ ಕಟ್ಟುವ ಶುಲ್ಕದ ಪಕ್ಕದಲ್ಲಿಟ್ಟು ನೋಡಿದರೆ ಶುಲ್ಕ ಕಟ್ಟಿದ ತಂದೆಗೇ ನಾಚಿಕೆಯಾಗಬೇಕು. ವಿದ್ಯಾವಂತರು ಕೂಗಬೇಕಾದದ್ದು ಇದರ ಮೇಲೆ. ಆಸೆಯಿಂದ ಬಂದವನನ್ನು ಹತ್ತು ವರ್ಷ ಬಾಗಿಲಲ್ಲಿ ನಿಲ್ಲಿಸುವ ಈ ಕ್ರಮವನ್ನು ತೋರಿಸಿ, “ನೋಡು, ಅದಕ್ಕೇ ಬೇಡವೆಂದೆ” ಎಂದು ಮಗಳಿಗೆ ಹೇಳಿ ಸುಮ್ಮನಾಗುವುದು ಕೆಟ್ಟ ಬಾವಿಯನ್ನು ಶುದ್ಧಮಾಡದೆ, ಬಾವಿಯೇ ಕೆಟ್ಟದ್ದೆಂದು ಮಕ್ಕಳಿಗೆ ಬಾಯಾರಿಕೆಯನ್ನು ಬೋಧಿಸಿದಂತೆ.

ಸರ್ಕಾರವೂ ಆರಿಸುವಾಗ ಏನನ್ನು ನೋಡುತ್ತದೆ? ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಾಥಮಿಕ ಪತ್ರಿಕೆ 150 ಅಂಕಗಳದ್ದು. ಅದರಲ್ಲಿ 30 ಅಂಕಗಳು ಮಗುವಿನ ವಿಕಾಸವನ್ನೂ ಬೋಧನೆಯ ಶಾಸ್ತ್ರವನ್ನೂ ಕುರಿತವು. ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳಿರುತ್ತವೆ. ಸರಿಯಾದುದರ ಮುಂದೆ ಚುಕ್ಕೆ ತುಂಬಬೇಕು. ಮಗು ಅಳುವುದಕ್ಕೆ ನಾಲ್ಕೇ ಕಾರಣಗಳಿದ್ದು ಅವುಗಳಲ್ಲಿ ಒಂದೇ ಸರಿ ಎಂದು ನಂಬಿದವನು ಬೇಗ ಉತ್ತೀರ್ಣನಾಗುತ್ತಾನೆ. ಲಕ್ಷಾಂತರ ಅರ್ಜಿಗಳಿರುವಲ್ಲಿ ಪರೀಕ್ಷೆಯೊಂದು ಬೇಕೆಂಬುದನ್ನು ಅಲ್ಲಗಳೆಯುವಂತಿಲ್ಲ. ಲಂಚ ಶಿಫಾರಸುಗಳಿಗಿಂತ ಚುಕ್ಕೆ ಸಾವಿರ ಪಾಲು ಮೇಲು. ಆದರೆ ಚುಕ್ಕೆಗೆ ಮುಂಚೆ ಒಂದು ವರ್ಷವಾದರೂ, ತರಬೇತಿಯ ಆರಂಭದಲ್ಲಿಯೇ, ಅಭ್ಯರ್ಥಿಯು ನಿಜವಾದ ಮಕ್ಕಳ ನಡುವೆ ಕುಳಿತು ತಾನು ಪ್ರೀತಿಸುವ ಒಂದೇ ಒಂದು ವಿದ್ಯೆಯನ್ನು ಅವರಿಗೆ ಹಿಡಿಸಿ ತೋರಿಸಲಿ ಎಂದು ಏಕೆ ಕೇಳಬಾರದು? ಆಗ ಒಲವಿಲ್ಲದವನಿಗೆ ತಾನಾಗಿಯೇ ತಿಳಿದು ಬೇರೆ ದಾರಿ ಹಿಡಿಯುತ್ತಾನೆ. ಅವನಿಗೂ ಅದರಿಂದ ಉಪಕಾರವೇ. ಒಲ್ಲದ ಕೆಲಸದಲ್ಲಿ ಮೂವತ್ತು ವರ್ಷ ಬೇಯುವುದು ಸುಖವಲ್ಲ.

ಸರ್ಕಾರವು ಮಾಡುವವರೆಗೆ ಮನೆಗಳು ಕಾಯಬೇಕಾದದ್ದೂ ಇಲ್ಲ. ದಾವಣಗೆರೆಯಲ್ಲಿ 1965 ರಿಂದ ವೈದ್ಯಕಾಲೇಜಿದೆ, 1951 ರಿಂದ ಇಂಜಿನಿಯರಿಂಗ್ ಕಾಲೇಜಿದೆ, 2009 ರಿಂದ ವಿಶ್ವವಿದ್ಯಾನಿಲಯವೇ ಇದೆ. ಹತ್ತಿಯ ಗಿರಣಿಗಳ ಊರು ವಿದ್ಯೆಯ ಊರಾಯಿತೆಂದು ಅಲ್ಲಿಯ ಜನ ಹೆಮ್ಮೆಪಡುವುದು ನ್ಯಾಯವೇ. ಈ ಕಾಲೇಜುಗಳ ಮೇಲೆ ಯಾವ ದೂರೂ ಇಲ್ಲ. ಊರಿಗೆ ವೈದ್ಯರೂ ಬೇಕು, ಸೇತುವೆ ಕಟ್ಟುವವರೂ ಬೇಕು. ಆದರೆ ಆ ಬಾಗಿಲುಗಳಿಗೆ ಬರುವ ಹುಡುಗನು ಮೊದಲು ಮಾಯಕೊಂಡದಂಥ ಊರಿನ ಒಂದು ಪ್ರಾಥಮಿಕ ಶಾಲೆಯ ಬಾಗಿಲನ್ನು ದಾಟಿ ಬರಬೇಕಲ್ಲವೆ? ಅಲ್ಲಿ ಅವನಿಗಾಗಿ ಕಾದಿರುವವರು ಯಾರು? ಮೆಕ್ಕೆಜೋಳದ ಹೊಲದಿಂದ ಬರುವ ಆ ಮಗುವಿಗೆ ಭಿನ್ನರಾಶಿ ತಿಳಿಯದೆ ಹೋದಾಗ ಕಡ್ಡಿಯನ್ನು ಕೆಳಗಿಟ್ಟು ಬೀಜಗಳನ್ನು ಹರಡುವವರು ಯಾರು? ಆ ಕೆಲಸಕ್ಕೆ ಹುಟ್ಟಿದವಳು ಎಲ್ಲಿಯೋ ಪಟ್ಟಣದ ಕಚೇರಿಯೊಂದರಲ್ಲಿ ಯಂತ್ರದ ಮುಂದೆ ಕುಳಿತು, ಒಳ್ಳೆಯ ಸಂಬಳ ಪಡೆಯುತ್ತ, ಪಕ್ಕದ ಮೇಜಿನ ಹೊಸ ಹುಡುಗನಿಗೆ ಕೆಲಸ ತಿಳಿಯದಿದ್ದಾಗ ಮಾತ್ರ ಮುಖ ಅರಳಿಸಿಕೊಂಡು ಎದ್ದು ಹೋಗುತ್ತಾಳೆ. ಅವಳ ಮೇಲಧಿಕಾರಿ ಅದನ್ನು ಸಮಯದ ಅಪವ್ಯಯವೆಂದು ಬರೆದಿಡುತ್ತಾನೆ.

ಮುಂದಿನ ಬೇಸಗೆಯ ರಜದಲ್ಲಿ ಮತ್ತೆ ಜಗಲಿಯ ಮೇಲೆ ಪಾಠಶಾಲೆ ನೆರೆಯುವುದು. ಮನೆಯ ಯಜಮಾನರು ಅಂದು ಮಧ್ಯಾಹ್ನದ ನಿದ್ದೆಯನ್ನು ಒಂದು ಗಳಿಗೆ ಮುಂದಕ್ಕೆ ಹಾಕಿ, ಮಗಳು ಕಾಣದಂತೆ ಬಾಗಿಲ ಸಂದಿಯಲ್ಲಿ ನಿಂತು, ಕಲ್ಲುಗಳ ಹಾಜರಿ ಮುಗಿದಮೇಲೆ ಏನು ನಡೆಯುತ್ತದೆಂಬುದನ್ನು ನೋಡಲಿ. ನೋಡಿದ ಬಳಿಕ ಕೋಚಿಂಗ್ ತರಗತಿಗೆ ಹಣ ಕಟ್ಟುವುದೋ ಬಿಡುವುದೋ ಅವರ ಮನಸ್ಸು.